ಎರಡನೇ ಮನೆಯ ಬೀಜ

ಹೊಸದುರ್ಗ ದಾಟಿದ ಬಸ್ಸಿನಲ್ಲಿ ನನ್ನ ತೊಡೆಯ ಮೇಲಿನ ಗಂಟು ಲಕ್ಕಿ ಸೊಪ್ಪಿನ ಘಾಟು ಬೀರುತ್ತಿದೆ. ಪಕ್ಕದವರು ಮುಖ ಸಿಂಡರಿಸಿ ಕಿಟಕಿ ತೆಗೆದರು. ತೆಗೆಯಲಿ, ನನ್ನ ಸಿಟ್ಟಿಗೂ ಸ್ವಲ್ಪ ಗಾಳಿ ಬೇಕು.

ಗಂಟಿನಲ್ಲಿರುವುದು ಬಿತ್ತನೆ ರಾಗಿ. ಹುಳ ಬೀಳದಿರಲೆಂದು ಸೊಪ್ಪು. ಚಿಕ್ಕಜಾಜೂರಿನ ಹತ್ತಿರದ ನಮ್ಮ ಮನೆಯಲ್ಲಿ ಬೀಜವನ್ನೆಲ್ಲ ಒಂದೇ ಕಡೆ ಇಡುವ ರೂಢಿಯಿರಲಿಲ್ಲ. ಅರ್ಧ ನಮ್ಮ ಅಟ್ಟದಲ್ಲಿ, ಇನ್ನರ್ಧ ಅಪ್ಪನ ತಂಗಿ ಗೌರತ್ತೆಯ ಮಾಡದಕೆರೆ ಮನೆಯಲ್ಲಿ. ಚಿಕ್ಕಂದಿನಲ್ಲಿ ನಾನು ಅಲ್ಲಿಗೆ ಹೋಗುವ ಗಂಟಿನಲ್ಲಿ ಚಕ್ಕುಲಿ ಇದೆಯೆಂದು ನಂಬಿ ಅತ್ತೆಯ ಮೇಲೆ ಹೊಟ್ಟೆ ಉರಿದುಕೊಂಡವಳು.

ಆಮೇಲೆ ಬೀಜದ ಕಂಪನಿಯವರು ಬಂದರು. "ಮನೆ ಬೀಜ ಹಳೇ ಕಸ, ಬಿಸಾಕ್ರಿ" ಎಂದು ಪಾಕೀಟು ತೋರಿಸಿದರು. ನಮ್ಮ ಪಾಲನ್ನು ಮುದ್ದೆ ಮಾಡಿ ಉಂಡೆವು. ರುಚಿಯಾಗಿಯೇ ಇತ್ತು, ಸುಳ್ಳು ಹೇಳಬಾರದು.

ಲಾಕ್‌ಡೌನ್ ವರ್ಷ ಮಳೆ ಸರಿಯಾಗಿ ಬಿತ್ತು, ಪಾಕೀಟಿನ ಲಾರಿ ಮಾತ್ರ ಬರಲಿಲ್ಲ. ಹೊಲದ ಹದ ಆರುತ್ತಿತ್ತು. ಅಪ್ಪ ನಾಚಿಕೆ ಬಿಟ್ಟು ಅತ್ತೆಗೆ ಫೋನು ಮಾಡಿದ.

"ಏನಣ್ಣಾ, ಬೀಜಾನೂ ಉಂಡ್ಬಿಟ್ರಾ? ಹಾಲಿನ ಗಾಡೀಲಿ ಕಳಿಸ್ತೀನಿ. ಆದ್ರೆ ಬೆಳೆದ್ಮೇಲೆ ಅರ್ಧ ಇಲ್ಲಿಗೆ ವಾಪಸ್ ಬರ್ಬೇಕು. ಎರಡು ಮನೇಲಿದ್ರೇನೇ ಅದು ಬೀಜ."

ಆ ವರ್ಷ ನಮ್ಮೂರಲ್ಲಿ ಮೊದಲು ಬಿತ್ತಿದ್ದು ನಾವೇ.

ಹೋದ ವಾರ ಚಿತ್ರದುರ್ಗದ ಹೋಟೆಲೊಂದರಲ್ಲಿ ಅದೇ ಕಂಪನಿಯ ತರಬೇತಿ. ನಮ್ಮ ಮಹಿಳಾ ಸಂಘದಿಂದ ಹೋಗಿದ್ದೆ. ಸರಕು ಕೈಯಿಂದ ಕೈಗೆ ಬರುವುದನ್ನು ಪರದೆಯ ಮೇಲೆ ಸರಪಳಿಯ ಹಾಗೆ ತೋರಿಸಿ, "ಒಂದೇ ಮೂಲವನ್ನು ನೆಚ್ಚಬೇಡಿ, ಎರಡನೆಯದು ಇಟ್ಟುಕೊಳ್ಳಿ" ಎಂದರು. ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, "ಇತ್ತಲ್ಲ ಸಾರ್! ಬಿಸಾಕ್ರಿ ಅಂದೋರು ನೀವೇ ಅಲ್ವಾ?" ಎಂದೆ. ತರಬೇತಿ ಕೊಡುತ್ತಿದ್ದಾತ ನಕ್ಕು, "ಒಳ್ಳೆ ಪ್ರಶ್ನೆ ಮೇಡಂ" ಎಂದು ಬಹುಮಾನವಾಗಿ ಒಂದು ಪಾಕೀಟು ಕೊಟ್ಟ.

ಅದಕ್ಕಿಂತ ಉರಿದದ್ದು ನಿನ್ನೆ. ಗೌರತ್ತೆ ಈಗಿಲ್ಲ. ಈ ಸಲದ ಪಾಲು ತರುತ್ತೇನೆಂದು ಅವಳ ಮಗ ರುದ್ರೇಶನಿಗೆ ಹೇಳಿದರೆ, "ಅಕ್ಕಾ, ನಿಮ್ಮನೇಲೇ ಇರ್ಲಿ ಬಿಡು. ಅಂಗ್ಡೀಲಿ ಸಿಗ್ತೈತಲ್ಲ, ಅದ್ಯಾಕೆ ಹೊತ್ಕಂಡು ಬರ್ತಿ?" ಎನ್ನುತ್ತಾನೆ! ಲಾಕ್‌ಡೌನಿನಲ್ಲಿ ನಮ್ಮ ಬೀಜದ ಚೀಲವನ್ನು ಹಾಲಿನ ಗಾಡಿಗೆ ಎತ್ತಿಹಾಕಿದವನೇ ಅವನು. ಅಷ್ಟು ಬೇಗ ಮರೆತನೇ?

"ಮಾಡದಕೆರೆ ಇಳಿಯೋರು ಬರ್ರಿ" ಎಂದು ಕಂಡಕ್ಟರ್ ಕೂಗುತ್ತಿದ್ದಾನೆ. ಇಳಿಯುತ್ತೇನೆ. ರುದ್ರೇಶ ಕಾಫಿ ಕೊಟ್ಟು ಸಮಾಧಾನ ಮಾಡಲು ನೋಡುತ್ತಾನೆ. ನನಗೆ ಕಾಫಿ ಬೇಡ. ಅತ್ತೆ ಗಂಟು ನೇತುಹಾಕುತ್ತಿದ್ದ ಗೂಟ ಇನ್ನೂ ಆ ಗೋಡೆಯಲ್ಲಿದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಬ್ಯಾಗಿನಲ್ಲಿ ಮೊಳೆ, ಸುತ್ತಿಗೆ ನಾನೇ ತಂದಿದ್ದೇನೆ.