ಗೂಬೆಗೂ ಹೃದಯ ಇಲ್ಲ ಎಂದು ಬರೆದವಳು

ಕಾಲೇಜಿನ ಪ್ರಾಣಿ ಸಂಗ್ರಹಾಲಯದಲ್ಲಿ ಫಲಕ ಬರೆಯುವಾಕೆಯನ್ನು ಎಲ್ಲರೂ ಬೋರ್ಡಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಒಂದಕ್ಷರ ತಪ್ಪಿದವಳಲ್ಲ. ಗಂಡ ತೀರಿಕೊಂಡು ಎರಡು ವಾರ ತುಂಬುವ ಮೊದಲೇ ಬಂದು ಬಣ್ಣದ ಡಬ್ಬಿ ತೆರೆದಾಗ ಆಡಿಕೊಳ್ಳುವವರು ಆಡಿಕೊಂಡರು. ಅವಳ ಕಿವಿಗೂ ಬಿತ್ತು, ಅಷ್ಟೇ.

ಚಿಂತೆ ಇದ್ದದ್ದು ಮನೆಯಲ್ಲಿ. "ನನ್ನ ಮಗ ಸತ್ತರೂ ನಿನ್ನ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಕಲ್ಲಿನ ಜೊತೆ ಬಾಳೋಕಾಗಲ್ಲ, ಸಂಜೆ ಬಸ್ಸಿಗೆ ಮಗಳ ಮನೆಗೆ ಹೋಗ್ತೀನಿ" ಎಂದು ಅತ್ತೆ ಬೆಳಿಗ್ಗೆಯೇ ಚೀಲ ತುಂಬಿದ್ದರು. ಅವರೂ ಹೋದರೆ ಆ ಮನೆಯಲ್ಲಿ ಅವಳಿಗೆ ಯಾರೂ ಇರಲಿಲ್ಲ. ಅಳಬೇಕೆಂದು ಅವಳೂ ನೋಡಿದ್ದಳು. ಬರಲಿಲ್ಲ.

ಅಂದಿನ ಕೆಲಸ, ಶಾಲಾ ಮಕ್ಕಳಿಗಾಗಿ ನಕ್ಷತ್ರ ಮೀನನ್ನೂ ಕಣಜ ಗೂಬೆಯನ್ನೂ ಹೋಲಿಸುವ ಫಲಕ. ಒಂದು ಸೀಸೆಯಲ್ಲಿ ಮುಳುಗಿದ್ದು, ಇನ್ನೊಂದು ಹೊಟ್ಟೆ ತುಂಬ ಹತ್ತಿ ತುರುಕಿಸಿಕೊಂಡು ಕೊಂಬೆಯ ಮೇಲೆ ಕೂತದ್ದು. ಮೊದಲನೆಯದು ಹೆಸರಿಗಷ್ಟೇ ಮೀನು. ಇವೆರಡಕ್ಕೆ ಎಲ್ಲಿಂದೆಲ್ಲಿಯ ನಂಟೋ, ಫಲಕ ಬರೆಸುತ್ತಿದ್ದ ಪ್ರಾಣಿಶಾಸ್ತ್ರದ ಮೇಷ್ಟ್ರೇ ಹೇಳಬೇಕು. ಹಸಿ ಬಣ್ಣಕ್ಕೆ ಕೈ ತಗುಲಬಾರದೆಂದು ಬೋರ್ಡಕ್ಕ ಯಾವಾಗಲೂ ಎಡಗಡೆಯ ಕಾಲಂ ಮೇಲಿಂದ ಕೆಳಗೆ ಪೂರ್ತಿ ಮುಗಿಸಿಯೇ ಬಲಗಡೆಗೆ ಹೋಗುವವಳು. ನಕ್ಷತ್ರ ಮೀನಿನ ಕೆಳಗೆ ಬರೆದಳು: ಮೆದುಳು ಇಲ್ಲ, ರಕ್ತ ಇಲ್ಲ, ಹೃದಯ ಇಲ್ಲ. ಕೈ ಅದೇ ಓಟದಲ್ಲಿ ಗೂಬೆಯ ಕೆಳಗೂ ಓಡಿತು.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಏನಮ್ಮ, ಗೂಬೆಗೂ ಹೃದಯ ಇಲ್ವಾ?"

"ಇರುತ್ತೆ ಸಾರ್. ಬರೆಯೋವಾಗ ಗೊತ್ತಾಗಲಿಲ್ಲ."

"ಮನೆಗೆ ಹೋಗಮ್ಮ. ನಾಳೆ ಅಳಿಸಿದರಾಯ್ತು."

ಅವಳು ಬ್ಲೇಡು ಹಿಡಿದು ಆಗಲೇ ಕೆರೆದುಹಾಕಿ ಹೊರಟಳು. ಇಷ್ಟು ವರ್ಷಕ್ಕೆ ಮೊದಲ ತಪ್ಪು, ನಾಚಿಕೆಯಾದರೂ ಆಗಬೇಕಿತ್ತು. ಅದೂ ಆಗಲಿಲ್ಲ.

ಅತ್ತೆ ಚೀಲ ಪಕ್ಕದಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿದ್ದರು. ಅವಳು ಚಪ್ಪಲಿಯನ್ನೂ ಬಿಡದೆ ಎದುರಿಗೆ ಕುಕ್ಕರಿಸಿದಳು.

"ಇವತ್ತು ಗೂಬೆಗೆ ಹೃದಯ ಇಲ್ಲ ಅಂತ ಬರೆದುಬಿಟ್ಟೆ ಅತ್ತೆ. ಅವರು ಹೋದಾಗಿಂದ ನನಗೆ ಒಳಗೆ ಏನೂ ಆಗ್ತಾನೇ ಇಲ್ಲ. ಅಳು ಬರ್ತಿಲ್ಲ. ಆದ್ರೂ ನೀವು ಹೋಗಬೇಡಿ."

ಅತ್ತೆ ಚೀಲವನ್ನು ಒಳಕ್ಕೆ ತಳ್ಳಿದರು.

"ನಂಗೂ ಬರ್ತಿಲ್ಲ ಕಣೇ. ಹೆತ್ತವಳು ನಾನು, ನಂಗೇ ಬರ್ತಿಲ್ಲ. ನೀನಾದ್ರೂ ಅಳ್ತೀಯೇನೋ, ನಿನ್ನ ನೋಡಿ ನಾನೂ ಅಳೋಣ ಅಂತ ಇಷ್ಟು ದಿನ ಕಾಯ್ತಾ ಕೂತಿದ್ದೆ."