ಗೇಟಿನ ಮೊಳೆಯ ಹಾಳೆ

ಭಾನುವಾರ, ಸಂಜೆ ನಾಲ್ಕು ಗಂಟೆ, ಪೆರಾಬೆ. ಜೊತೆಗೆ ತಂಗಿ ಲಲಿತೆ. ಮೊಮ್ಮಗಳ ಮದುವೆಗೆ ಕರೆಯಲು ಉಳಿದದ್ದು ಚಿಕ್ಕಪ್ಪನ ಸೊಸೆ ಸುಮತಿಯ ಮನೆಯೊಂದೇ. ಪುತ್ತೂರಿನ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಗೇಟು ತೆರೆದ ಕೂಡಲೇ ದೊಡ್ಡ ಬಿಳಿ ಹೆಬ್ಬಾತೊಂದು ಕತ್ತು ಚಾಚಿ ಬುಸುಗುಟ್ಟುತ್ತ ಬಂತು. ನಾನು ಕೊಡೆ ಎತ್ತಿದೆ.

"ಹೊಡೀಬೇಡಿ ಭಾವ!" ಜಗಲಿಯಿಂದ ಸುಮತಿ ಕೂಗಿದಳು. "ಅವನ ಹೆಂಡ್ತಿ ಮೊಟ್ಟೆಗೆ ಕೂತಿದ್ದಾಳೆ. ಗೇಟಲ್ಲಿ ಹಾಳೆ ಉಂಟು, ಮುಂದೆ ಹಿಡ್ಕೊಳ್ಳಿ. ಓಡುದು ಬೇಡ, ಬೆನ್ನು ಹಾಕುದೂ ಬೇಡ."

ನೋಡಿದರೆ, ಬಂದವರಿಗೆಂದೇ ಮೊಳೆಯಲ್ಲಿ ಎರಡು ಅಗಲವಾದ ಅಡಿಕೆ ಹಾಳೆಗಳು ತೂಗುತ್ತಿದ್ದವು. ಮೊಣಕಾಲಿಗೆ ಅಡ್ಡ ಹಿಡಿದು, ಗೂಡಿನಿಂದ ದೂರ ಸರಿದು, ನಿಧಾನವಾಗಿ ನಡೆದೆವು. ಕೊಕ್ಕು ಎರಡು ಸಲ ಹಾಳೆಗೆ ಬಡಿಯಿತು, ನಮಗೆ ತಾಗಲಿಲ್ಲ.

ಬೆಲ್ಲ-ನೀರು ಕುಡಿದು ಮದುವೆಯ ಕಾಗದ ಕೊಟ್ಟೆವು.

"ಅವನಿಗೂ ಮದುವೆಗೆ ಹೇಳಿಕೆ ಉಂಟಾ?" ಹೆಬ್ಬಾತಿನ ಕಡೆ ನೋಡಿ ಸುಮತಿ ನಕ್ಕಳು.

"ಹೆಂಡ್ತಿಯನ್ನು ಬಿಟ್ಟು ಊಟಕ್ಕೆ ಬರುವ ಜನ ಅಲ್ಲ ಅವ," ಎಂದಳು ಲಲಿತೆ, ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಬಂದ ನನ್ನನ್ನೇ ನೋಡಿ.

ಹೊರಡುವಾಗ ದೇವರ ಎದುರಿನಿಂದ ಸರಿಯುವಂತೆ, ಮುಖ ಹೆಬ್ಬಾತಿನ ಕಡೆಗೇ ಇಟ್ಟು ಹಿಂದೆ ಹಿಂದೆ ನಡೆದೆವು. ಗೇಟಿನ ಚಿಲಕ ಹಾಕಿ, ಹಾಳೆಗಳನ್ನು ಅದೇ ಮೊಳೆಗೆ ಸಿಕ್ಕಿಸಿದೆ. ಬಸ್ಸಿಗೆ ಇನ್ನೂ ಐದು ನಿಮಿಷ ಇತ್ತು. ಕರೆಯಬೇಕಾದವರ ಪಟ್ಟಿ ತೆಗೆದು ಕೊನೆಯ ಹೆಸರಿಗೆ ಗುರುತು ಹಾಕಿದೆ.