ಕಾರಿನ ಜೊತೆ ಬಂದ ಎರಡು ಮರದ ತುಂಡು

ಇವತ್ತು ಕಾಲೇಜ್ ಫೆಸ್ಟಿಗೆ ಹಳೇ ಕಾರುಗಳು ಬಂದಿದ್ದವು. ಒಂದರ ಡಿಕ್ಕಿಯಿಂದ ಗ್ರೀಸ್ ವಾಸನೆ ಬಂದದ್ದೇ ಬೊಮ್ಮಸಂದ್ರದ ನಮ್ಮ ಅಂಗಳ ನೆನಪಾಯಿತು. ಅಪ್ಪ ನಮ್ಮ ಹಳೇ ಕಾರನ್ನು ಜಾಕ್ ಹಾಕಿ ಎತ್ತುವ ಮೊದಲು ಚಕ್ರಗಳಿಗೆ ಅಡ್ಡವಾಗಿ ಎರಡು ಮರದ ತುಂಡುಗಳನ್ನು ನಾನೇ ಇಡಬೇಕಿತ್ತು. ಹಾಸ್ಟೆಲಿಗೆ ಹೊರಟ ದಿನ ಅವರು ಒಂದನ್ನು ನನ್ನ ಟ್ರಂಕಿಗೆ ಹಾಕಿದರು.

"ನೀನು ಬರೋವರ್ಗೂ ಜಾಕ್ ಮುಟ್ಟಲ್ಲ ಕಣೇ ಪುಟ್ಟಿ."

ಫೋನಿನಲ್ಲಿ ಪ್ರತಿ ಸಲ, "ಕಾರು ಅಲ್ಲೇ ಇದೆ" ಎನ್ನುತ್ತಿದ್ದರು. ದಸರಾ ರಜೆಗೆ ಬಂದರೆ ಅಂಗಳದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ನಾನು ಹಾಸ್ಟೆಲ್ ಸೇರಿದ ವಾರವೇ ಕಾರು ಮಾರಿದ್ದರಂತೆ.

ಇವತ್ತು, ಬಣ್ಣ ಬದಲಾಗಿದ್ದ ಆ ಕಾರಿನ ಡಿಕ್ಕಿಯಲ್ಲಿ ನಮ್ಮದೇ ಜಾಕ್ ಇತ್ತು. ಹಿಡಿಯ ಮೇಲೆ ನಾನು ಬಳಿದ ನೇಲ್ ಪಾಲಿಶ್. ಪಕ್ಕದಲ್ಲಿ ಒಂದೇ ತುಂಡು.

"ಇನ್ನೊಂದು ಎಲ್ಲಿ ಸಾರ್?" ಎಂದೆ.

"ಮಾರಿದೋರ ಮಗಳು ಕಳೆದ್ಹಾಕಿದ್ಲಂತೆ ಕಣಮ್ಮ," ಎಂದರು ಮಾಲೀಕರು.

ಅದು ಈಗಲೂ ನನ್ನ ಟ್ರಂಕಿನಲ್ಲೇ ಇದೆ.